ಕರುಳಿನ ಅರ್ಬುದವೂ ದೇಹದ ಕಾವಲುಪಡೆಯೂ

(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಮುಹರಕ್ ದ್ವೀಪದ ಬುಸೈತೀನ್ ಊರಿಗೂ ವೈದ್ಯವಿದ್ಯೆಗೂ ಈಗ ಬಿಡದ ನಂಟು. ಐರ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ 2004ರಲ್ಲಿ ಬಹರೈನಿನಲ್ಲಿ ಸ್ಥಾಪಿಸಿದ ವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಇಲ್ಲಿಯೇ. 2012ರಲ್ಲಿ ಆರಂಭವಾದ ಕಿಂಗ್ ಹಮದ್ ವಿಶ್ವವಿದ್ಯಾಲಯ ಆಸ್ಪತ್ರೆ ಅದರ ನೆರೆಯಲ್ಲಿದೆ. ಬಹರೈನ್ ಆಂಕಾಲಜಿ ಕೇಂದ್ರವೆಂಬ ಅರ್ಬುದ ಚಿಕಿತ್ಸಾಲಯವೂ ಆ ಆಸ್ಪತ್ರೆಗೆ ಸೇರಿದ್ದು. ಇಂಥ ಊರಿನಲ್ಲಿ ಮಾತನಾಡುವ ಅವಕಾಶ ದೊರೆತಾಗ ದೊಡ್ಡ ಕರುಳು ಮತ್ತು ಗುದನಾಳದ ಅರ್ಬುದವನ್ನು, ಆಡುಮಾತಿನಲ್ಲಿ ಹೇಳುವುದಾದರೆ ಕರುಳಿನ ಕ್ಯಾನ್ಸರನ್ನು, ವಿಷಯವಾಗಿ ಆರಿಸಿಕೊಳ್ಳುವುದು ಉಚಿತವೆಂದು ತೋರಿತು.

ಇದಕ್ಕೆ ಕಾರಣಗಳು ಎರಡು. ಮೊದಲನೆಯದು ರೋಗದ ವ್ಯಾಪ್ತಿ. 2022ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 19 ಲಕ್ಷ ಮಂದಿಯಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತು. ಸುಮಾರು 9 ಲಕ್ಷ ಮಂದಿ ಇದರಿಂದ ಮಡಿದರು. ಬಹರೈನಿನಲ್ಲಿಯೂ ಇದು ಹೆಚ್ಚಾಗಿ ಕಾಣಿಸಿಕೊಳ್ಳುವ ಅರ್ಬುದಗಳಲ್ಲಿ ಒಂದು. ನಮ್ಮ ನಾಡಿನಲ್ಲಿ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯಲ್ಲಿ 1982ರಿಂದ ನಡೆದುಬಂದಿರುವ ಅರ್ಬುದ ನೋಂದಣಿಯನ್ನು ನೋಡಿದರೆ, ಇದರ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಬಹಳ ಕಡಿಮೆ. ಆದರೆ ನಗರಗಳಲ್ಲಿ ಅದು ಏರುಮುಖವಾಗಿದೆ.

ಎರಡನೆಯ ಕಾರಣವೇ ಇಂದಿನ ನನ್ನ ಮಾತಿನ ತಿರುಳು. ವಂಶವಾಹಿಗಳ ಬರಹ ಅತಿ ಹೆಚ್ಚು ಕೆಟ್ಟಿರುವ ಕರುಳಿನ ಅರ್ಬುದವೇ ದೇಹದ ರಕ್ಷಣಾ ವ್ಯವಸ್ಥೆಗೆ ಅತಿ ಸುಲಭವಾಗಿ ಗುರುತು ಸಿಗುವ ಅರ್ಬುದವೂ ಹೌದು. ಈ ಬಗೆಯದನ್ನು ಪತ್ತೆ ಹಚ್ಚಲು ಒಂದು ಸರಳ ಪರೀಕ್ಷೆಯಿದೆ. ಅದು ರೋಗಿಯ ಚಿಕಿತ್ಸೆಯ ದಾರಿಯನ್ನು ಬದಲಿಸಬಲ್ಲುದು. ಅಷ್ಟೇ ಅಲ್ಲ, ಇನ್ನೂ ರೋಗವೇ ಕಾಣದ ಆತನ ಒಡಹುಟ್ಟಿದವರನ್ನೂ ಮಕ್ಕಳನ್ನೂ ಉಳಿಸಬಲ್ಲುದು. ಆ ಪರೀಕ್ಷೆಯ ವಿಚಾರವನ್ನು ಮನೆಮನೆಗೆ ಮುಟ್ಟಿಸುವುದೇ ಈ ಉಪನ್ಯಾಸದ ಉದ್ದೇಶ.

ಲಿಪಿಕಾರನೂ ತಿದ್ದುಗಾರನೂ

ನಮ್ಮ ಪ್ರಾಚೀನ ಕಾವ್ಯಗಳು ಅಚ್ಚಿನ ಯಂತ್ರ ಬರುವವರೆಗೆ ಉಳಿದು ಬಂದದ್ದು ತಾಳೆಗರಿಯ ಪ್ರತಿಗಳಲ್ಲಿ. ಒಂದು ಪ್ರತಿಯನ್ನು ನೋಡಿ ಮತ್ತೊಂದನ್ನು ಬರೆಯುವ ಲಿಪಿಕಾರನು ಎಷ್ಟೇ ಜಾಗರೂಕನಾಗಿದ್ದರೂ ಎಲ್ಲೋ ಒಂದು ಅಕ್ಷರ ಬಿಟ್ಟುಹೋಗುತ್ತಿತ್ತು, ಒಂದು ಅಕ್ಷರ ಎರಡು ಸಲ ಬೀಳುತ್ತಿತ್ತು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಓದುಗರನ್ನು ಬೇಡಿಕೊಂಡು ಪ್ರತಿಯನ್ನು ಮುಗಿಸುವ ವಾಡಿಕೆ ಲಿಪಿಕಾರರಲ್ಲಿತ್ತು.

ನಮ್ಮ ದೇಹದ ಜೀವಕೋಶಗಳ ಒಳಗೂ ಇದೇ ಕೆಲಸ ನಡೆಯುತ್ತದೆ. ಪ್ರತಿಯೊಂದು ಕೋಶದಲ್ಲಿ ಡಿಎನ್‌ಎ ಎಂಬ ನೂಲಿನ ಮೇಲೆ ಸುಮಾರು 300 ಕೋಟಿ ರಾಸಾಯನಿಕ ಅಕ್ಷರಗಳ ಗ್ರಂಥವೊಂದು ಬರೆದಿದೆ. ತಂದೆಯಿಂದ ಬಂದ ಪ್ರತಿ ಒಂದು, ತಾಯಿಯಿಂದ ಬಂದ ಪ್ರತಿ ಒಂದು. ಕೋಶವು ಒಡೆದು ಎರಡಾಗುವ ಮುನ್ನ ಎರಡು ಪ್ರತಿಗಳನ್ನೂ ಪೂರ್ತಿಯಾಗಿ ನಕಲು ಮಾಡಬೇಕು. ಕರುಳಿನ ಒಳಪದರದ ಕೋಶಗಳಂತೂ ಕೆಲವೇ ದಿನಗಳಿಗೊಮ್ಮೆ ಸವೆದು ಹೊಸದಾಗುವಂಥವು. ಹಾಗಾಗಿ ಅಲ್ಲಿ ಲಿಪಿಕಾರನಿಗೆ ಬಿಡುವೇ ಇಲ್ಲ.

ಆದರೆ ಕೋಶದಲ್ಲಿ ಲಿಪಿಕಾರನ ಹಿಂದೆಯೇ ತಿದ್ದುಗಾರನೊಬ್ಬ ನಡೆದುಬರುತ್ತಾನೆ. ಹೊಸ ನಕಲಿನಲ್ಲಿ ಹೊಂದದ ಅಕ್ಷರವನ್ನು ಕಂಡ ಕೂಡಲೇ ಆ ಭಾಗವನ್ನು ಕತ್ತರಿಸಿ ಮತ್ತೆ ಸರಿಯಾಗಿ ಬರೆಸುತ್ತಾನೆ. ಈ ತಿದ್ದುಪಡಿಯ ಕ್ರಮವನ್ನು ಬಿಡಿಸಿ ತೋರಿಸಿದ್ದಕ್ಕಾಗಿ ಅಮೆರಿಕದ ಪಾಲ್ ಮೊಡ್ರಿಚ್ ಅವರು 2015ರ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಇನ್ನಿಬ್ಬರೊಡನೆ ಹಂಚಿಕೊಂಡರು. ಮಾನವನಲ್ಲಿ ಈ ಕಾರ್ಯಕ್ಕೆ ಮುಖ್ಯವಾಗಿ ನಾಲ್ಕು ವಂಶವಾಹಿಗಳು ಬೇಕು: ಎಂಎಲ್‌ಎಚ್ 1, ಎಂಎಸ್‌ಎಚ್ 2, ಎಂಎಸ್‌ಎಚ್ 6 ಮತ್ತು ಪಿಎಂಎಸ್ 2. ಇವುಗಳಲ್ಲಿ ಒಂದು ಸಂಪೂರ್ಣವಾಗಿ ಕೆಟ್ಟರೂ ತಿದ್ದುಗಾರನ ಕೈ ಕಟ್ಟಿದಂತೆ. ಆಗ ಬರಹದಲ್ಲಿ ಉಳಿದುಹೋಗುವ ತಪ್ಪುಗಳು ನೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ಹೆಚ್ಚುತ್ತವೆ.

ಯಾವ ಲಿಪಿಕಾರನೂ ಸುಲಭವಾಗಿ ಎಡವುವುದು ಒಂದೇ ಅಕ್ಷರ ಸಾಲಾಗಿ ಬಂದಾಗ. ‘ಅ’ ಎಂಬ ಅಕ್ಷರ ಹತ್ತು ಸಲ ಬಂದರೆ ಎಣಿಕೆ ತಪ್ಪಿ ಒಂಬತ್ತೋ ಹನ್ನೊಂದೋ ಆಗುವುದು ಸಹಜ. ಡಿಎನ್‌ಎಯಲ್ಲಿ ಇಂಥ ಪುನರಾವೃತ್ತಿಯ ತಾಣಗಳು ಸಾವಿರಾರು. ವಿಜ್ಞಾನಿಗಳು ಇವನ್ನು ಮೈಕ್ರೋಸ್ಯಾಟಲೈಟ್ ಎಂದು ಕರೆಯುತ್ತಾರೆ. ತಿದ್ದುಗಾರನಿಲ್ಲದ ಅರ್ಬುದದಲ್ಲಿ ಈ ತಾಣಗಳ ಉದ್ದ ಕೋಶದಿಂದ ಕೋಶಕ್ಕೆ ಬದಲಾಗುತ್ತ ಹೋಗುತ್ತದೆ. ಇದೇ ‘ಮೈಕ್ರೋಸ್ಯಾಟಲೈಟ್ ಅಸ್ಥಿರತೆ’. ಕರುಳಿನ ಅರ್ಬುದದಲ್ಲಿ ಇದನ್ನು ಮೊದಲು ಗುರುತಿಸಿದ್ದು 1993ರಲ್ಲಿ.

ಎಲ್ಲ ಕರುಳಿನ ಅರ್ಬುದಗಳೂ ಈ ಬಗೆಯವಲ್ಲ ಎಂಬುದನ್ನು ಮರೆಯಬಾರದು. ನೂರರಲ್ಲಿ ಸುಮಾರು 15 ಮಾತ್ರ ಇಂಥವು. ಉಳಿದವುಗಳಲ್ಲಿ ಬಹುಪಾಲಿಗೆ ಬೇರೊಂದು ಬಗೆಯ ಅಸ್ಥಿರತೆಯಿರುತ್ತದೆ. ಅಲ್ಲಿ ವರ್ಣತಂತುಗಳೇ ಮುರಿಯುತ್ತವೆ, ಇಡಿಯಾಗಿ ಕಳೆದುಹೋಗುತ್ತವೆ ಅಥವಾ ಹೆಚ್ಚಾಗುತ್ತವೆ. ಗ್ರಂಥದ ಸಂಪುಟಗಳೇ ಅದಲುಬದಲಾದರೂ ಒಳಗಿನ ಅಕ್ಷರಗಳು ಬಹುಮಟ್ಟಿಗೆ ಹಳೆಯವೇ. ಈ ವ್ಯತ್ಯಾಸದ ಮಹತ್ವ ಮುಂದೆ ತಿಳಿಯುತ್ತದೆ.

ಗಣ ತಪ್ಪಿದ ಪದ್ಯ

ಛಂದಸ್ಸನ್ನು ಓದಿದವರಿಗೆ ಅಕ್ಷರಗಣಗಳ ನೆನಪಿರಬಹುದು. ಮೂರು ಮೂರು ಅಕ್ಷರಗಳಿಗೆ ಒಂದು ಗಣ. ಆ ಗಣಗಳ ಜೋಡಣೆಯಿಂದ ವೃತ್ತ. ಡಿಎನ್‌ಎಯನ್ನು ಕೋಶ ಓದುವುದೂ ಹೀಗೆಯೇ, ಮೂರಕ್ಷರಗಳ ಗಣ ವಿಂಗಡಿಸಿ. ಒಂದೊಂದು ಗಣವೂ ಒಂದೊಂದು ಅಮೈನೋ ಆಮ್ಲಕ್ಕೆ ಸಂಕೇತ. ಅಮೈನೋ ಆಮ್ಲಗಳ ಸಾಲು ಸೇರಿ ಪ್ರೋಟೀನು.

ಒಂದು ಉದಾಹರಣೆ ಕೊಡುತ್ತೇನೆ. ‘ಕಮಲ ಅರಳಿ ನಗುವ ಸಮಯ’ ಎಂದು ಬರೆದಿದೆ ಎನ್ನೋಣ. ಎಲ್ಲವೂ ಮೂರಕ್ಷರದ ಪದಗಳು. ಇದರಲ್ಲಿ ‘ರ’ ಒಂದನ್ನು ಬಿಟ್ಟು, ಮೂರು ಮೂರು ಅಕ್ಷರ ವಿಂಗಡಿಸುವ ನಿಯಮವನ್ನು ಹಾಗೆಯೇ ಉಳಿಸಿಕೊಂಡು ಓದಿ: ‘ಕಮಲ ಅಳಿನ ಗುವಸ ಮಯ’. ಬಿಟ್ಟದ್ದು ಒಂದೇ ಅಕ್ಷರ. ಅಲ್ಲಿಂದ ಮುಂದೆ ಇಡೀ ಸಾಲೇ ಅರ್ಥವಿಲ್ಲದ ಹೊಸ ಪದಗಳಾಗಿ ಹೋಯಿತು. ಬದಲಿಗೆ ಒಂದು ಅಕ್ಷರದ ಜಾಗದಲ್ಲಿ ಬೇರೊಂದು ಬಂದಿದ್ದರೆ ಒಂದು ಪದ ಮಾತ್ರ ಕೆಡುತ್ತಿತ್ತು.

ಮೈಕ್ರೋಸ್ಯಾಟಲೈಟ್ ತಾಣಗಳು ಬಹುತೇಕ ಗ್ರಂಥದ ಖಾಲಿ ಅಂಚುಗಳಲ್ಲಿರುತ್ತವೆ. ಅಲ್ಲಿ ತಪ್ಪಾದರೆ ಹೆಚ್ಚಿನ ಹಾನಿಯಿಲ್ಲ. ಆದರೆ ಕೆಲವು ಮುಖ್ಯ ವಂಶವಾಹಿಗಳ ನಡುವೆಯೂ ಅವು ಇವೆ. ಕರುಳಿನ ಕೋಶಕ್ಕೆ ‘ಬೆಳೆದದ್ದು ಸಾಕು, ನಿಲ್ಲು’ ಎಂಬ ಸಂದೇಶವನ್ನು ಮುಟ್ಟಿಸುವ ಟಿಜಿಎಫ್-ಬೀಟಾ ಗ್ರಾಹಕ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ‘ಎ’ ಅಕ್ಷರ ಸತತವಾಗಿ ಹತ್ತು ಸಲ ಬರುತ್ತದೆ. ಅಲ್ಲಿ ಎಣಿಕೆ ತಪ್ಪಿದರೆ ಗ್ರಾಹಕ ಕೆಡುತ್ತದೆ, ಸಂದೇಶ ಮುಟ್ಟುವುದಿಲ್ಲ, ಕೋಶ ಬೆಳೆಯುತ್ತಲೇ ಹೋಗುತ್ತದೆ. ಈ ಸಂಗತಿಯನ್ನು 1995ರಲ್ಲಿ ಕಂಡುಕೊಳ್ಳಲಾಯಿತು. ಅರ್ಬುದಕ್ಕೆ ದಾರಿ ತೆರೆಯುವ ತಪ್ಪು ಇದೇ. ಆದರೆ ಅರ್ಬುದದ ಗುಟ್ಟನ್ನು ಹೊರಗೆಡಹುವ ತಪ್ಪೂ ಇದೇ.

ಕಾವಲುಪಡೆ ಕಂಡದ್ದು

ದೇಹದ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುತ್ತಿರುವ ಪ್ರೋಟೀನುಗಳ ಚಿಕ್ಕ ಚಿಕ್ಕ ತುಣುಕುಗಳನ್ನು ಸದಾ ತನ್ನ ಹೊರಮೈಯಲ್ಲಿ ಹಿಡಿದು ತೋರಿಸುತ್ತಿರುತ್ತದೆ. ಗಸ್ತು ತಿರುಗುವ ಟಿ ಕೋಶಗಳೆಂಬ ಬಿಳಿರಕ್ತಕಣಗಳು ಅವನ್ನು ಮುಟ್ಟಿ ಪರೀಕ್ಷಿಸುತ್ತವೆ. ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಈ ಕಣಗಳಿಗೆ ಮೊದಲೇ ಪಾಠವಾಗಿರುತ್ತದೆ: ನಮ್ಮದೇ ದೇಹದ ತುಣುಕು ಕಂಡರೆ ಸುಮ್ಮನಿರಬೇಕು, ಪರಕೀಯವಾದದ್ದು ಕಂಡರೆ ಆ ಕೋಶವನ್ನು ಕೊಲ್ಲಬೇಕು.

ಅರ್ಬುದದ ಕಷ್ಟವಿರುವುದು ಇಲ್ಲಿಯೇ. ಅದು ಹೊರಗಿನಿಂದ ಬಂದ ಶತ್ರುವಲ್ಲ, ನಮ್ಮದೇ ಕೋಶ. ವರ್ಣತಂತುಗಳು ಮುರಿದು ಹುಟ್ಟಿದ ಅರ್ಬುದದಲ್ಲಿ ಪ್ರೋಟೀನುಗಳ ಪ್ರಮಾಣ ಹೆಚ್ಚುಕಡಿಮೆಯಾಗಿದ್ದರೂ ಅವುಗಳ ರೂಪ ಬಹುಮಟ್ಟಿಗೆ ಪರಿಚಿತವೇ. ಹೀಗಾಗಿ ಟಿ ಕೋಶ ಅದನ್ನು ನೆಂಟನೆಂದೇ ತಿಳಿದು ಮುಂದೆ ಸಾಗುತ್ತದೆ. ತಿದ್ದುಗಾರನಿಲ್ಲದ ಅರ್ಬುದವಾದರೋ, ಗಣ ತಪ್ಪಿದ ಪ್ರೋಟೀನುಗಳ ತುಣುಕುಗಳನ್ನು ಹೊರಮೈಯಲ್ಲಿ ಹರಡಿಕೊಂಡಿರುತ್ತದೆ. ಅಂಥ ತುಣುಕನ್ನು ದೇಹ ಹುಟ್ಟಿದಂದಿನಿಂದ ಕಂಡಿರುವುದಿಲ್ಲ. ಗಮಕದ ಅಭ್ಯಾಸವಿರುವ ಕಿವಿಗೆ ಛಂದೋಭಂಗ ತಟ್ಟನೆ ತಿಳಿಯುವಂತೆ, ಟಿ ಕೋಶಕ್ಕೆ ಅದು ಪರಕೀಯವೆಂದು ತಿಳಿಯುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ ಇದನ್ನು ಕಣ್ಣಾರೆ ನೋಡಬಹುದು. ಈ ಬಗೆಯ ಅರ್ಬುದದ ಕೋಶಗಳ ನಡುನಡುವೆ ಬಿಳಿರಕ್ತಕಣಗಳು ನುಗ್ಗಿರುತ್ತವೆ. ಅಂಚಿನಲ್ಲಿ ಗುಂಪುಗುಂಪಾಗಿ ಬೀಡುಬಿಟ್ಟಿರುತ್ತವೆ. 2006ರಲ್ಲಿ ಪ್ಯಾರಿಸ್ಸಿನ ಜೆರೋಮ್ ಗಾಲೋನ್ ಮತ್ತು ಸಂಗಡಿಗರು ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ಕರುಳಿನ ಅರ್ಬುದದೊಳಗೆ ಎಷ್ಟು ಟಿ ಕೋಶಗಳು, ಎಲ್ಲೆಲ್ಲಿ ನೆಲೆಸಿವೆ ಎಂಬುದು ರೋಗಿಯ ಮುಂದಿನ ಗತಿಯನ್ನು ಸೂಚಿಸುವುದರಲ್ಲಿ ರೂಢಿಯ ಹಂತನಿರ್ಣಯಕ್ಕೆ ಯಾವ ರೀತಿಯಲ್ಲೂ ಕಡಿಮೆಯಲ್ಲ ಎಂದು ಅವರು ತೋರಿಸಿದರು. ಅಸ್ಥಿರ ಬಗೆಯ ಅರ್ಬುದ ಮೊದಲ ಹಂತಗಳಲ್ಲಿ ಸಿಕ್ಕರೆ ಶಸ್ತ್ರಚಿಕಿತ್ಸೆಯ ನಂತರದ ಫಲಿತಾಂಶ ಸಾಮಾನ್ಯವಾಗಿ ಉತ್ತಮ. ಒಟ್ಟು ಕರುಳಿನ ಅರ್ಬುದಗಳಲ್ಲಿ ನೂರಕ್ಕೆ 15ರಷ್ಟಿರುವ ಈ ಬಗೆ, ದೂರದ ಅಂಗಗಳಿಗೆ ಹರಡಿದವುಗಳಲ್ಲಿ ನೂರಕ್ಕೆ ಸುಮಾರು 5 ಮಾತ್ರ. ಕಾವಲುಪಡೆ ಹಲವರಲ್ಲಿ ರೋಗವನ್ನು ಹರಡದಂತೆ ತಡೆದಿದೆ ಎಂಬುದರ ಸೂಚನೆ ಇದು.

ಮೂವತ್ತಮೂವರಲ್ಲಿ ಒಬ್ಬರು

ಹಾಗಾದರೆ ಈ ಅರ್ಬುದವನ್ನು ದೇಹ ತಾನಾಗಿಯೇ ನಾಶಮಾಡಬೇಕಿತ್ತಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಉತ್ತರವಿರುವುದು ಟಿ ಕೋಶದ ಲಗಾಮಿನಲ್ಲಿ. ಕಾವಲುಪಡೆ ಉಗ್ರವಾಗಿ ನಮ್ಮ ಅಂಗಗಳನ್ನೇ ಹಾಳುಮಾಡಬಾರದೆಂದು ಪ್ರಕೃತಿ ಅದಕ್ಕೆ ಲಗಾಮು ಹಾಕಿದೆ. ಪಿಡಿ-1 ಎಂಬುದು ಅಂಥ ಒಂದು ಲಗಾಮು. ಜಪಾನಿನ ತಸುಕು ಹೊಂಜೊ ಅವರ ತಂಡ 1992ರಲ್ಲಿ ಅದನ್ನು ಕಂಡುಹಿಡಿಯಿತು. ಇನ್ನೊಂದು ಲಗಾಮಿನ ಮೇಲೆ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್ ಅವರೊಡನೆ ಹೊಂಜೊ ಅವರಿಗೆ 2018ರ ವೈದ್ಯವಿಜ್ಞಾನದ ನೊಬೆಲ್ ದೊರೆಯಿತು. ಸುತ್ತುವರಿದ ಟಿ ಕೋಶಗಳ ನಡುವೆ ಬದುಕಬೇಕಾದ ಅರ್ಬುದ, ಈ ಲಗಾಮನ್ನೇ ಎಳೆದು ಹಿಡಿದು ಅವುಗಳನ್ನು ನಿಲ್ಲಿಸಿಬಿಡುತ್ತದೆ.

ಲಗಾಮನ್ನು ಸಡಿಲಿಸುವ ಔಷಧಿಗಳು ಬಂದಾಗ ಚರ್ಮದ ಮೆಲನೋಮ, ಶ್ವಾಸಕೋಶ, ಮೂತ್ರಪಿಂಡಗಳ ಅರ್ಬುದಗಳಲ್ಲಿ ಒಳ್ಳೆಯ ಫಲ ಕಂಡಿತು. ಕರುಳಿನ ಅರ್ಬುದದಲ್ಲಿ ಮಾತ್ರ ನಿರಾಶೆ. ಆರಂಭದ ಅಧ್ಯಯನಗಳಲ್ಲಿ ಕರುಳಿನ ಅರ್ಬುದದ 33 ಮಂದಿ ರೋಗಿಗಳ ಪೈಕಿ ಫಲ ಕಂಡದ್ದು ಒಬ್ಬರಲ್ಲಿ ಮಾತ್ರ. ಆ ಒಬ್ಬರನ್ನು ಆಕಸ್ಮಿಕವೆಂದು ಬದಿಗೆ ಸರಿಸದೆ, ಏಕೆ ಹೀಗಾಯಿತೆಂದು ಕೇಳಿದ್ದು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯ ವೈದ್ಯರ ಹಿರಿಮೆ. ಆ ರೋಗಿಯ ಅರ್ಬುದದಲ್ಲಿ ತಿದ್ದುಗಾರ ಕೆಟ್ಟಿದ್ದನು.

ಆ ಸುಳಿವನ್ನು ಹಿಡಿದು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಪೆಂಬ್ರೊಲಿಜುಮ್ಯಾಬ್ ಎಂಬ ಔಷಧಿಯಿಂದ, ತಿದ್ದುಗಾರ ಕೆಟ್ಟ ಕರುಳಿನ ಅರ್ಬುದವಿದ್ದ 10 ಮಂದಿಯಲ್ಲಿ 4 ಮಂದಿಯ ಗೆಡ್ಡೆಗಳು ಗಮನಾರ್ಹವಾಗಿ ಕುಗ್ಗಿದವು. ತಿದ್ದುಗಾರ ಸರಿಯಿದ್ದ 18 ಮಂದಿಯಲ್ಲಿ ಒಬ್ಬರಲ್ಲೂ ಕುಗ್ಗಲಿಲ್ಲ. ಮೊದಲ ಗುಂಪಿನ ಅರ್ಬುದಗಳಲ್ಲಿ ಸರಾಸರಿ 1,782 ಅಕ್ಷರದೋಷಗಳಿದ್ದರೆ, ಎರಡನೆಯದರಲ್ಲಿ 73 ಮಾತ್ರ. ದೋಷ ಹೆಚ್ಚಿದಷ್ಟೂ ಗುರುತು ಸುಲಭ ಎಂಬ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಅರ್ಬುದ ಯಾವ ಅಂಗದ್ದೇ ಆಗಲಿ, ಈ ದೋಷವಿದ್ದು ಬೇರೆ ಚಿಕಿತ್ಸೆ ಫಲಿಸದಿದ್ದರೆ ಈ ಔಷಧಿಯನ್ನು ಬಳಸಬಹುದೆಂದು ಅನುಮತಿಸಿತು. ಹುಟ್ಟಿದ ಅಂಗವನ್ನು ನೋಡದೆ ದೋಷವನ್ನು ನೋಡಿ ಅರ್ಬುದಕ್ಕೆ ಔಷಧಿಯನ್ನು ಒಪ್ಪಿದ್ದು ಅದೇ ಮೊದಲು.

2020ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ರೋಗ ಹರಡಿದ್ದ ಇಂಥ 307 ಮಂದಿಯನ್ನು ಎರಡು ಗುಂಪು ಮಾಡಲಾಯಿತು. ರೋಗ ಉಲ್ಬಣಿಸದೆ ಇದ್ದ ಅವಧಿಯ ಮಧ್ಯಮಾಂಕ ಕೀಮೋಥೆರಪಿಯ ಗುಂಪಿನಲ್ಲಿ 8.2 ತಿಂಗಳು, ಪೆಂಬ್ರೊಲಿಜುಮ್ಯಾಬ್ ಗುಂಪಿನಲ್ಲಿ 16.5 ತಿಂಗಳು. 2022ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಿಂದ ಇನ್ನೂ ಬೆರಗಿನ ವರದಿ ಬಂತು. ಗುದನಾಳದಲ್ಲಿ ಈ ಬಗೆಯ ಅರ್ಬುದವಿದ್ದು, ಅದು ದೂರದ ಅಂಗಗಳಿಗೆ ಹರಡದಿದ್ದವರಿಗೆ ಆರು ತಿಂಗಳ ಕಾಲ ಡೊಸ್ಟಾರ್ಲಿಮ್ಯಾಬ್ ಎಂಬ ಔಷಧಿ ಕೊಡಲಾಗಿತ್ತು. ಚಿಕಿತ್ಸೆ ಮುಗಿಸಿದ 12 ಮಂದಿಯಲ್ಲಿ 12 ಮಂದಿಗೂ ಪರೀಕ್ಷೆಯಲ್ಲಿ ರೋಗ ಕಾಣದಾಯಿತು. 2025ರ ವರದಿಯಲ್ಲಿ ಈ ಸಂಖ್ಯೆ 49ಕ್ಕೆ 49. ಗುದನಾಳದ ಶಸ್ತ್ರಚಿಕಿತ್ಸೆಯಾದ ಮೇಲೆ ಹೊಟ್ಟೆಯ ಮೇಲೆ ಚೀಲ ಕಟ್ಟಿಕೊಂಡು ಬಾಳಬೇಕಾದವರ ಸಂಕಟವನ್ನು ಕಂಡವರಿಗೆ, ಶಸ್ತ್ರಚಿಕಿತ್ಸೆಯೂ ವಿಕಿರಣವೂ ಇಲ್ಲದೆ ರೋಗ ಮರೆಯಾಗುವುದು ಎಂಥ ವರವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎಚ್ಚರಿಕೆಯ ಮಾತು

ಉತ್ಸಾಹದ ಜೊತೆಗೆ ವಿವೇಕವೂ ಇರಬೇಕು. ಪತ್ರಿಕೆಗಳಲ್ಲಿ ‘ಕ್ಯಾನ್ಸರ್‌ಗೆ ಮದ್ದು ಸಿಕ್ಕಿತು’ ಎಂಬ ತಲೆಬರಹ ಕಂಡಾಗ, ಈ ಫಲಿತಾಂಶ ತಿದ್ದುಗಾರ ಕೆಟ್ಟ ಬಗೆಗೆ ಮಾತ್ರ ಸಂಬಂಧಿಸಿದ್ದು ಎಂಬುದನ್ನು ನೆನಪಿಡಬೇಕು. ಗುದನಾಳದ ಅರ್ಬುದಗಳಲ್ಲಿ ಇಂಥವು ನೂರಕ್ಕೆ 5ರಿಂದ 10 ಮಾತ್ರ. ಉಳಿದವರಿಗೆ ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ವಿಕಿರಣಗಳೇ ಆಧಾರ. ಅವುಗಳಿಂದ ಗುಣ ಹೊಂದುವವರೂ ಬಹಳ ಮಂದಿ ಇದ್ದಾರೆ.

ಲಗಾಮು ಸಡಿಲವಾದ ಕಾವಲುಪಡೆ ಕೆಲವೊಮ್ಮೆ ಥೈರಾಯ್ಡ್, ಶ್ವಾಸಕೋಶ, ಯಕೃತ್ತು, ಚರ್ಮ, ಕರುಳುಗಳ ಮೇಲೆಯೇ ತಿರುಗಿಬೀಳುವುದುಂಟು. ಮೇಲಾಗಿ ಔಷಧಿಗಳ ಬೆಲೆ ಸಾಮಾನ್ಯ ಕುಟುಂಬಕ್ಕೆ ಬಹಳ ಭಾರ. ಅರ್ಬುದವೂ ಸುಮ್ಮನಿರುವುದಿಲ್ಲ. ಹೊರಮೈಯಲ್ಲಿ ತುಣುಕುಗಳನ್ನು ತೋರಿಸುವ ಸಾಧನವನ್ನೇ ಕೆಡಿಸಿಕೊಂಡು ಮರೆಯಾಗಲು ಯತ್ನಿಸುವ ಅರ್ಬುದಗಳೂ ಇವೆ. ಆದ್ದರಿಂದ ಚಿಕಿತ್ಸೆಯ ನಿರ್ಧಾರವನ್ನು ತಜ್ಞರೊಡನೆ ಕುಳಿತೇ ಮಾಡಬೇಕು. ಆದರೆ ಆ ನಿರ್ಧಾರಕ್ಕೆ ಬೇಕಾದ ಪರೀಕ್ಷೆ ನಡೆದಿದೆಯೇ ಎಂದು ಕೇಳುವ ಹಕ್ಕು ಪ್ರತಿ ರೋಗಿಗೂ ಇದೆ.

ಮನೆತನದ ಮಾತು

ತಿದ್ದುಗಾರ ಕೆಡುವುದು ಎರಡು ಬಗೆಯಲ್ಲಿ. ಹೆಚ್ಚಿನವರಲ್ಲಿ, ಅದರಲ್ಲಿಯೂ ವಯಸ್ಸಾದವರಲ್ಲಿ, ಎಂಎಲ್‌ಎಚ್ 1 ವಂಶವಾಹಿ ಗೆಡ್ಡೆಯೊಳಗೆ ಮಾತ್ರ ಸ್ತಬ್ಧವಾಗಿರುತ್ತದೆ. ಇದು ಮಕ್ಕಳಿಗೆ ಹರಿಯುವುದಿಲ್ಲ. ಆದರೆ ಒಟ್ಟು ಕರುಳಿನ ಅರ್ಬುದಗಳಲ್ಲಿ ನೂರಕ್ಕೆ ಸುಮಾರು 3ರಷ್ಟು ಮಂದಿಯಲ್ಲಿ ಈ ನಾಲ್ಕು ವಂಶವಾಹಿಗಳಲ್ಲಿ ಒಂದರ ಒಂದು ಪ್ರತಿ ಹುಟ್ಟುವಾಗಲೇ ಕೆಟ್ಟಿರುತ್ತದೆ. ಇದಕ್ಕೆ ಲಿಂಚ್ ಸಿಂಡ್ರೋಮ್ ಎಂದು ಹೆಸರು.

ಇದರ ಇತಿಹಾಸ ಆರಂಭವಾಗುವುದು ಒಬ್ಬ ಹೆಣ್ಣುಮಗಳ ಮಾತಿನಿಂದ. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬಟ್ಟೆ ಹೊಲಿದು ಜೀವಿಸುತ್ತಿದ್ದ ಮಹಿಳೆಯೊಬ್ಬಳು, ತನ್ನ ಮನೆಯವರಲ್ಲಿ ಅನೇಕರು ಹೊಟ್ಟೆ, ಕರುಳು, ಗರ್ಭಕೋಶಗಳ ಅರ್ಬುದದಿಂದ ತೀರಿಕೊಂಡರು, ತನ್ನ ಗತಿಯೂ ಅದೇ ಎಂದು ಡಾ. ಆಲ್ಡ್ರೆಡ್ ವಾರ್ಥಿನ್ ಅವರಲ್ಲಿ ಹೇಳಿಕೊಂಡಳು. ಅವರು ಆ ಮಾತನ್ನು ತಳ್ಳಿಹಾಕದೆ ಅವಳ ವಂಶವೃಕ್ಷವನ್ನು ಬರೆದಿಟ್ಟು 1913ರಲ್ಲಿ ಪ್ರಕಟಿಸಿದರು. ಆಕೆ ತಾನು ಹೇಳಿದಂತೆಯೇ ಗರ್ಭಕೋಶದ ಅರ್ಬುದದಿಂದ ಅಕಾಲದಲ್ಲಿ ತೀರಿಕೊಂಡಳು. 1966ರಿಂದ ಡಾ. ಹೆನ್ರಿ ಲಿಂಚ್ ಇಂಥ ಮನೆತನಗಳನ್ನು ಹುಡುಕಿ ಹುಡುಕಿ ದಾಖಲಿಸಿದರು. ವಂಶವಾಹಿಗಳು ಪತ್ತೆಯಾಗುವವರೆಗೆ ಅವರ ಮಾತಿಗೆ ಮನ್ನಣೆ ಕಡಿಮೆಯಿತ್ತು.

ಪಾಶ್ಚಾತ್ಯ ದೇಶಗಳ ಅಂದಾಜಿನಂತೆ ಸುಮಾರು 300 ಮಂದಿಯಲ್ಲಿ ಒಬ್ಬರಿಗೆ ಈ ದೋಷವಿರುತ್ತದೆ. ಎಂಎಲ್‌ಎಚ್ 1 ಅಥವಾ ಎಂಎಸ್‌ಎಚ್ 2 ಕೆಟ್ಟವರಲ್ಲಿ ಜೀವಮಾನದಲ್ಲಿ ಕರುಳಿನ ಅರ್ಬುದ ಬರುವ ಸಂಭವ ನೂರಕ್ಕೆ 40-50ರಷ್ಟು. ಹೆಂಗಸರಲ್ಲಿ ಗರ್ಭಕೋಶದ ಅರ್ಬುದದ ಅಪಾಯವೂ ದೊಡ್ಡದು. ದೋಷವುಳ್ಳವರ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ, ಗಂಡಾದರೂ ಹೆಣ್ಣಾದರೂ.

ಇಲ್ಲಿ ನಮ್ಮ ಸಮಾಜದ ಸ್ಥಿತಿಗತಿಯನ್ನು ಸ್ವಲ್ಪ ವಿಚಾರಿಸಬೇಕು. ನಮ್ಮಲ್ಲಿ ಹಲವರ ವಂಶವೃಕ್ಷಗಳಲ್ಲಿ ಗಂಡುಮಕ್ಕಳ ಹೆಸರುಗಳು ಮಾತ್ರ ಇರುತ್ತವೆ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ತಾಯಿಯ ಕಡೆಯ ಕವರು ಪೂರ್ತಿ ನೆನಪಿರುತ್ತದೆ, ತಂದೆಯ ಕಡೆಯದು ಮಸುಕು. ವಂಶವಾಹಿಗೆ ಇಂಥ ಭೇದವಿಲ್ಲ. ತಂದೆಯ ಸೋದರಿಗೆ ಬಂದ ಗರ್ಭಕೋಶದ ಅರ್ಬುದ ಮಗನ ಕರುಳಿಗೆ ಮುನ್ಸೂಚನೆಯಾಗಬಹುದು. ಸೋದರಮಾವನನ್ನು, ಅತ್ತೆಯ ಮಗನನ್ನು ಮದುವೆಯಾಗುವ ರೂಢಿಯಿರುವ ಮನೆತನಗಳಲ್ಲಿ ಇನ್ನೊಂದು ಅಪಾಯವಿದೆ. ಗಂಡಹೆಂಡಿರಿಬ್ಬರಲ್ಲೂ ಒಂದೇ ದೋಷವಿದ್ದು ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಬಂದರೆ, ಆ ಮಗುವಿಗೆ ಬಾಲ್ಯದಲ್ಲಿಯೇ ಅರ್ಬುದಗಳು ಬರಬಹುದು. ಇದು ಅಪರೂಪ, ಆದರೆ ತಿಳಿದಿರಬೇಕಾದದ್ದು.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಮೌನ. ‘ಮನೆಯಲ್ಲಿ ಕ್ಯಾನ್ಸರ್ ಇದೆ ಎಂದು ಗೊತ್ತಾದರೆ ಹೆಣ್ಣುಮಕ್ಕಳ ಮದುವೆ ಹೇಗೆ?’ ಎಂಬ ಅಂಜಿಕೆಯಿಂದ ಅಜ್ಜ ತೀರಿಕೊಂಡದ್ದು ‘ಹೊಟ್ಟೆನೋವಿನಿಂದ’ ಎಂದಷ್ಟೇ ಮನೆಯಲ್ಲಿ ಹೇಳುತ್ತಾರೆ. ವಲಸೆ ಬಂದ ನಮ್ಮಲ್ಲಿ ಇದು ಇಮ್ಮಡಿಯಾಗುತ್ತದೆ. ಅಣ್ಣ ಮುಂಬಯಿಯಲ್ಲಿ, ಅಕ್ಕ ಉಡುಪಿಯಲ್ಲಿ, ತಮ್ಮ ಬಹರೈನಿನಲ್ಲಿ. ಒಬ್ಬೊಬ್ಬರ ರೋಗದ ಕಡತ ಒಂದೊಂದು ಊರಿನ ಆಸ್ಪತ್ರೆಯಲ್ಲಿ. ಮೂರನ್ನೂ ಒಟ್ಟಿಗಿಟ್ಟು ನೋಡುವ ವೈದ್ಯರಿಲ್ಲ. ಆ ಕೆಲಸವನ್ನು ಕುಟುಂಬವೇ ಮಾಡಬೇಕು.

ಮುಂಚೆಯೇ ತಿಳಿದರೆ ಏನು ಪ್ರಯೋಜನ ಎನ್ನುವವರಿಗೆ ಎರಡು ಉತ್ತರಗಳಿವೆ. ಫಿನ್‌ಲೆಂಡಿನಲ್ಲಿ ಇಂಥ ಮನೆತನಗಳವರಿಗೆ ಮೂರು ವರ್ಷಗಳಿಗೊಮ್ಮೆ ಕೊಲೊನೋಸ್ಕೋಪಿ ಮಾಡುತ್ತ ಬಂದಾಗ, 15 ವರ್ಷಗಳಲ್ಲಿ ಕರುಳಿನ ಅರ್ಬುದ ಶೇಕಡ 62ರಷ್ಟು ಕಡಿಮೆಯಾಯಿತೆಂದು 2000ದಲ್ಲಿ ವರದಿಯಾಯಿತು. ಗೆಡ್ಡೆಯಾಗುವ ಮುನ್ನವೇ ಪಾಲಿಪ್ ಎಂಬ ಕಿರುಗಂಟನ್ನು ತೆಗೆದುಹಾಕುವುದರಿಂದ ಬಂದ ಫಲ ಇದು. ಈಗ ಸಾಮಾನ್ಯವಾಗಿ ಒಂದೆರಡು ವರ್ಷಗಳಿಗೊಮ್ಮೆ ಪರೀಕ್ಷಿಸಲು ಸಲಹೆ ಕೊಡುತ್ತಾರೆ. ಇನ್ನೊಂದು, 861 ಮಂದಿಯ ಮೇಲೆ ನಡೆದ ಆಸ್ಪಿರಿನ್ ಅಧ್ಯಯನ. 2020ರ ವರದಿಯಂತೆ, ದಿನಕ್ಕೆ 600 ಮಿಲಿಗ್ರಾಮ್ ಆಸ್ಪಿರಿನ್ ನೀಡಿದ್ದ 427 ಮಂದಿಯಲ್ಲಿ 40 ಮಂದಿಗೆ, ಬರಿಯ ಸಪ್ಪೆ ಮಾತ್ರೆ ನೀಡಿದ್ದ 434 ಮಂದಿಯಲ್ಲಿ 58 ಮಂದಿಗೆ ಕರುಳಿನ ಅರ್ಬುದ ಬಂತು. ರಕ್ತಸ್ರಾವದ ಅಪಾಯವಿರುವುದರಿಂದ ವೈದ್ಯರನ್ನು ಕೇಳದೆ ಯಾರೂ ಆಸ್ಪಿರಿನ್ ನುಂಗಬಾರದು.

ಕಾವಲುಪಡೆಯ ಕಥೆಗೆ ಇಲ್ಲಿಯೂ ಒಂದು ಮುಂದುವರಿಕೆಯಿದೆ. ದೋಷವಿದ್ದೂ ಅರ್ಬುದ ಬಾರದ ಆರೋಗ್ಯವಂತರ ರಕ್ತದಲ್ಲಿಯೇ ಗಣ ತಪ್ಪಿದ ತುಣುಕುಗಳನ್ನು ಗುರುತಿಸಬಲ್ಲ ಟಿ ಕೋಶಗಳಿವೆ ಎಂದು ಜರ್ಮನಿಯ ಹೈಡೆಲ್‌ಬರ್ಗಿನ ಸಂಶೋಧಕರು 2008ರಲ್ಲಿ ತೋರಿಸಿದರು. ಕೆಡತೊಡಗಿದ ಕೋಶಗಳನ್ನು ಅವರ ದೇಹ ಸದ್ದಿಲ್ಲದೆ ಹೊಡೆದೋಡಿಸುತ್ತಿರಬೇಕೆಂಬುದು ಇದರಿಂದ ಮೂಡುವ ಊಹೆ. ಇಂಥ ತುಣುಕುಗಳನ್ನೇ ಲಸಿಕೆಯಾಗಿ ಕೊಡುವ ಪ್ರಯೋಗಗಳು ನಡೆಯುತ್ತಿವೆ. ಲಸಿಕೆಯಿಂದ ಟಿ ಕೋಶಗಳು ಎಚ್ಚೆತ್ತದ್ದು ಕಂಡುಬಂದಿದೆ. ಅರ್ಬುದ ತಪ್ಪುತ್ತದೆಂಬುದು ಇನ್ನು ಸಿದ್ಧವಾಗಬೇಕು.

ನಾವು ಮಾಡಬೇಕಾದದ್ದು

ಮೊದಲನೆಯದಾಗಿ, ಮಲದಲ್ಲಿ ರಕ್ತ ಕಂಡರೆ ‘ಉಷ್ಣ ಹೆಚ್ಚಾಗಿದೆ’, ‘ಮೂಲವ್ಯಾಧಿ ಇರಬೇಕು’ ಎಂದು ಎಳನೀರು, ಮಜ್ಜಿಗೆ ಕುಡಿದು ತಿಂಗಳುಗಟ್ಟಲೆ ಕಾಯಬಾರದು. ಕೊಲ್ಲಿಯ ಬಿಸಿಲಿನಲ್ಲಿ ಈ ಸಮಾಧಾನ ಬಹಳ ಸುಲಭ. ಕಾರಣವಿಲ್ಲದ ರಕ್ತಹೀನತೆ, ತೂಕ ಇಳಿಯುವುದು, ಶೌಚದ ರೂಢಿಯಲ್ಲಿ ಉಳಿದುಬಿಡುವ ಬದಲಾವಣೆ, ಇವೂ ಸೂಚನೆಗಳೇ. ಯಾವ ಲಕ್ಷಣವೂ ಇಲ್ಲದವರಿಗೂ 45 ಅಥವಾ 50ರ ವಯಸ್ಸಿನಿಂದ ತಪಾಸಣೆ ಮಾಡಿಸುವ ಪದ್ಧತಿ ಅನೇಕ ದೇಶಗಳಲ್ಲಿದೆ.

ಎರಡನೆಯದಾಗಿ, ಮನೆಯಲ್ಲಿ ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಅರ್ಬುದ ಪತ್ತೆಯಾದರೆ ವೈದ್ಯರನ್ನು ಹೀಗೆ ಕೇಳಿ: ‘ಡಾಕ್ಟರೇ, ಗೆಡ್ಡೆಯ ತುಣುಕಿನಲ್ಲಿ ಎಂಎಂಆರ್ ಪರೀಕ್ಷೆ ಆಗಿದೆಯೇ?’ ಬಯಾಪ್ಸಿಯ ತುಣುಕಿಗೆ ಬಣ್ಣ ಹಾಕಿ ತಿದ್ದುಗಾರನ ನಾಲ್ಕು ಪ್ರೋಟೀನುಗಳು ಇವೆಯೇ ಇಲ್ಲವೇ ಎಂದು ನೋಡುವ ಪರೀಕ್ಷೆ ಇದು. ಪ್ರೋಟೀನು ಕಾಣದಿದ್ದರೆ, ಅದು ಗೆಡ್ಡೆಗೆ ಮಾತ್ರ ಸೀಮಿತವೋ ವಂಶದಿಂದ ಬಂದದ್ದೋ ಎಂದು ಮುಂದಿನ ಪರೀಕ್ಷೆಗಳು ಹೇಳುತ್ತವೆ. ಎರಡನೆಯ ಹಂತದ ರೋಗದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಕೀಮೋಥೆರಪಿ ಬೇಕೇ ಬೇಡವೇ ಎಂಬುದನ್ನು ನಿರ್ಧರಿಸಲೂ ಈ ಫಲಿತಾಂಶ ನೆರವಾಗುತ್ತದೆ.

ಮೂರನೆಯದಾಗಿ, ಚಿಕಿತ್ಸೆಗೆಂದು ಇಲ್ಲಿಂದ ಮಂಗಳೂರು, ಮಣಿಪಾಲ, ಬೆಂಗಳೂರುಗಳಿಗೆ ಹೋಗುವವರು ವರದಿಯ ಕಾಗದಗಳ ಜೊತೆಗೆ ಗೆಡ್ಡೆಯ ತುಣುಕನ್ನು ಇರಿಸಿರುವ ಮೇಣದ ಅಚ್ಚನ್ನೂ ಆಸ್ಪತ್ರೆಯಿಂದ ಕೇಳಿ ಪಡೆಯಬೇಕು. ಆಸ್ಪತ್ರೆಯವರು ಬ್ಲಾಕ್ ಎನ್ನುವುದು ಇದನ್ನೇ. ವರ್ಷಗಳ ನಂತರವೂ ಅದನ್ನು ಪರೀಕ್ಷಿಸಬಹುದು. ಊರಿನ ಆಸ್ಪತ್ರೆಯ ಕಪಾಟಿನಲ್ಲಿರುವ ತಾಯಿಯ ಅಚ್ಚು, ಬಹರೈನಿನಲ್ಲಿರುವ ಮಗನಿಗೆ ಪರೀಕ್ಷೆ ಬೇಕೇ ಎಂದು ತಿಳಿಸಬಲ್ಲುದು.

ನಾಲ್ಕನೆಯದಾಗಿ, ಮನೆತನದ ಆರೋಗ್ಯದ ವೃಕ್ಷವನ್ನು ಬರೆಯಿರಿ. ತಂದೆಯ ಕಡೆ, ತಾಯಿಯ ಕಡೆ ಎರಡೂ ಇರಲಿ. ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಯಾರಿಗೆ, ಯಾವ ಅಂಗದಲ್ಲಿ, ಯಾವ ವಯಸ್ಸಿನಲ್ಲಿ ರೋಗ ಬಂತೆಂದು ಗುರುತಿಸಿ. 1991ರಲ್ಲಿ ಪ್ರಕಟವಾದ ಆಮ್‌ಸ್ಟರ್‌ಡ್ಯಾಮ್ ಸೂತ್ರ ನೆನಪಿಡಲು ಸುಲಭ: ಮೂವರು ಹತ್ತಿರದ ಬಂಧುಗಳಲ್ಲಿ ರೋಗ, ಎರಡು ತಲೆಮಾರುಗಳಲ್ಲಿ, ಅವರಲ್ಲಿ ಒಬ್ಬರಿಗಾದರೂ 50ರೊಳಗೆ. ಇಂದಿನ ಚಿಕ್ಕ ಸಂಸಾರಗಳಲ್ಲಿ ಮೂವರು ಸಿಗುವುದೇ ಕಷ್ಟ. ಆದ್ದರಿಂದಲೇ ಸೂತ್ರ ಹೊಂದದಿದ್ದರೂ ಪ್ರತಿಯೊಂದು ಕರುಳಿನ ಅರ್ಬುದಕ್ಕೂ ಎಂಎಂಆರ್ ಪರೀಕ್ಷೆ ಆಗಬೇಕೆಂಬುದು ಇಂದಿನ ತಜ್ಞರ ಅಭಿಪ್ರಾಯ.

ಬಂಧುಗಳೇ, ಪ್ರೋಟೀನಿನ ತಪ್ಪಿದ ತುಣುಕನ್ನು ಹೊರಮೈಯಲ್ಲಿ ತೋರಿಸಿದ ಕೋಶವನ್ನಷ್ಟೇ ಕಾವಲುಪಡೆ ಗುರುತಿಸಬಲ್ಲುದು. ಮುಚ್ಚಿಟ್ಟದ್ದು ಅದಕ್ಕೆ ಕಾಣುವುದಿಲ್ಲ. ಮನೆತನದ ರೋಗದ ವಿಷಯವೂ ಹಾಗೆಯೇ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ, ಹಿರಿಯರು ಇನ್ನೂ ನಮ್ಮೊಡನಿರುವಾಗಲೇ, ಚಾವಡಿಯಲ್ಲಿ ಕುಳಿತು ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೇಳಿ ಬರೆದುಕೊಳ್ಳಿ. ಅವರ ನೆನಪಿನಲ್ಲಿರುವುದು ಮತ್ತಾವ ಕಡತದಲ್ಲಿಯೂ ಸಿಗಲಾರದು. ಆ ಕಾಗದವನ್ನು ಮಕ್ಕಳ ಪಾಸ್‌ಪೋರ್ಟುಗಳ ಜೊತೆಗೇ ಜೋಪಾನವಾಗಿಡಿ.